ಎಸ್. ನಿಜಲಿಂಗಪ್ಪ: ಏಕೀಕರಣ ಮತ್ತು ವಿಭಜನೆಗಳ ನಡುವೆ

ಆಧುನಿಕ ಕರ್ನಾಟಕದ ರಾಜಕೀಯ ಚರಿತ್ರೆಯಲ್ಲಿ ಎಸ್. ನಿಜಲಿಂಗಪ್ಪನವರನ್ನು ಏಕೀಕೃತ ರಾಜ್ಯದ ಪ್ರಥಮ ಮುಖ್ಯಮಂತ್ರಿಯೆಂದು ಗುರುತಿಸುವುದು ವಾಡಿಕೆ. ಆದರೆ ರಾಜ್ಯಮಟ್ಟದಲ್ಲಿ ಒಗ್ಗೂಡಿಸುವ ಕಾರ್ಯದ ಮುಂಚೂಣಿಯಲ್ಲಿದ್ದ ಅವರೇ ರಾಷ್ಟ್ರಮಟ್ಟದಲ್ಲಿ ಒಂದು ಬೃಹತ್ ಪಕ್ಷದ ಒಡಕಿನ ಕೇಂದ್ರದಲ್ಲಿ ನಿಲ್ಲಬೇಕಾಯಿತು. ಈ ಎರಡೂ ನೆಲೆಗಳನ್ನು ಒಟ್ಟಾಗಿ ಪರಿಶೀಲಿಸಿದಾಗಲೇ ಅವರ ಸಾರ್ವಜನಿಕ ಜೀವನದ ಸ್ವರೂಪ ಸ್ಪಷ್ಟವಾಗುತ್ತದೆ.

ನಿಜಲಿಂಗಪ್ಪನವರು 1902ರ ಡಿಸೆಂಬರ್ 10ರಂದು ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು ಗ್ರಾಮದಲ್ಲಿ ಜನಿಸಿದರು. ಅಂದು ಈ ಪ್ರದೇಶ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಅವರು ಓದಿದ ದಾವಣಗೆರೆ ಮತ್ತು ವಕೀಲಿ ವೃತ್ತಿ ಕೈಗೊಂಡ ಚಿತ್ರದುರ್ಗ ಮೈಸೂರು ಸಂಸ್ಥಾನದಲ್ಲಿದ್ದವು. ಕಾನೂನು ಶಿಕ್ಷಣ ಪಡೆದ ಪುಣೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಕನ್ನಡ ಜನತೆ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಸ್ಥಿತಿ ಅವರಿಗೆ ಕೇವಲ ತಾತ್ತ್ವಿಕ ಪ್ರಶ್ನೆಯಾಗಿರಲಿಲ್ಲ.

ಸಂವಿಧಾನ ಸಭೆಯ ಸದಸ್ಯರಾಗಿದ್ದ ಅವರು 1952ರಲ್ಲಿ ಚಿತ್ರದುರ್ಗದಿಂದ ಪ್ರಥಮ ಲೋಕಸಭೆಗೆ ಆಯ್ಕೆಯಾದರು. 1953ರ ಅಕ್ಟೋಬರ್ 1ರಂದು ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಮೊದಲಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. 1956ರ ನವೆಂಬರ್ 1ರಂದು ಏಕೀಕೃತ ರಾಜ್ಯ ಉದಯಿಸಿತು. ಏಕೀಕರಣದಿಂದ ತಮ್ಮ ಪ್ರಾಬಲ್ಯ ಕುಗ್ಗೀತೆಂಬ ಆತಂಕ ಹಳೆಯ ಮೈಸೂರಿನ ಕೆಲವು ವಲಯಗಳಲ್ಲಿತ್ತು. ಇಂತಹ ಸಂದರ್ಭದಲ್ಲಿ, ಜನ್ಮದಿಂದ ಬಳ್ಳಾರಿಗೂ ವೃತ್ತಿಯಿಂದ ಮೈಸೂರಿಗೂ ಸೇರಿದ ನಾಯಕರೊಬ್ಬರು ಅಧಿಕಾರ ವಹಿಸಿಕೊಂಡದ್ದು ಅರ್ಥಪೂರ್ಣವಾಗಿತ್ತು.

1958ರಲ್ಲಿ ಅವರು ಅಧಿಕಾರ ತ್ಯಜಿಸಿದ ಬಳಿಕ ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಯಾದರು. 1962ರ ಚುನಾವಣೆಯಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಪರಾಭವಗೊಂಡರು. ಎಸ್.ಆರ್. ಕಂಠಿಯವರು ಕೆಲಕಾಲ ಮುಖ್ಯಮಂತ್ರಿಯಾಗಿದ್ದು ಸ್ಥಾನ ಬಿಟ್ಟುಕೊಟ್ಟರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ವಿಧಾನಸಭೆಗೆ ಬಂದರು. ಹಳೆಯ ಮೈಸೂರಿನ ಕ್ಷೇತ್ರದಲ್ಲಿ ಸೋತವರನ್ನು ಹಿಂದಿನ ಮುಂಬಯಿ ಪ್ರಾಂತ್ಯದ ಕ್ಷೇತ್ರ ಸ್ವೀಕರಿಸಿತೆಂಬುದು ಏಕೀಕರಣದ ರಾಜಕೀಯ ಫಲವೇ ಆಗಿದೆ. ಆದರೆ ಗಡಿಯ ಪ್ರಶ್ನೆ ಬಗೆಹರಿಯಲಿಲ್ಲ. 1967ರ ಮಹಾಜನ ಆಯೋಗದ ವರದಿ ಬೆಳಗಾವಿಯನ್ನು ರಾಜ್ಯದಲ್ಲೇ ಉಳಿಸಲು, ಚಂದ್ರಗಿರಿ ನದಿಯ ಉತ್ತರದ ಕಾಸರಗೋಡು ಪ್ರದೇಶವನ್ನು ರಾಜ್ಯಕ್ಕೆ ಸೇರಿಸಲು ಶಿಫಾರಸು ಮಾಡಿದರೂ ಅದು ಜಾರಿಗೆ ಬರಲಿಲ್ಲ.

1968ರಲ್ಲಿ ಕಾಂಗ್ರೆಸ್ಸಿನ ಅಖಿಲ ಭಾರತ ಅಧ್ಯಕ್ಷತೆ ವಹಿಸಿದ ಅವರು ಅದೇ ವರ್ಷ ಮುಖ್ಯಮಂತ್ರಿ ಸ್ಥಾನ ತೊರೆದರು. ಕೇಂದ್ರ ಮಂತ್ರಿಯಾಗದಿದ್ದರೂ ಕೇಂದ್ರ ಸರ್ಕಾರದ ಭವಿಷ್ಯವನ್ನು ಪ್ರಭಾವಿಸುವ ಸ್ಥಾನ ಅದಾಗಿತ್ತು. 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷದ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿಯವರು ಸೋತು ವಿ.ವಿ. ಗಿರಿಯವರು ಗೆದ್ದರು. ನವೆಂಬರ್‌ನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು, ಕಾಂಗ್ರೆಸ್ ಇಬ್ಭಾಗವಾಯಿತು. ಪಕ್ಷದ ಸಂಘಟನೆ ಹಿರಿದೋ, ಸರ್ಕಾರದ ನಾಯಕತ್ವ ಹಿರಿದೋ ಎಂಬುದು ಇಲ್ಲಿನ ಮೂಲ ಪ್ರಶ್ನೆ. 1971ರಲ್ಲಿ ಮತದಾರರು ಉತ್ತರಿಸಿದರು: ಮೈಸೂರು ರಾಜ್ಯದ ಎಲ್ಲ 27 ಲೋಕಸಭಾ ಸ್ಥಾನಗಳೂ ಇಂದಿರಾ ಗಾಂಧಿಯವರ ಪಕ್ಷದ ಪಾಲಾದವು.

1973ರಲ್ಲಿ ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರು ಬಂದಾಗ ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದರು. ನಿಜಲಿಂಗಪ್ಪನವರು 2000ದ ಆಗಸ್ಟ್ 8ರಂದು ಚಿತ್ರದುರ್ಗದಲ್ಲಿ ನಿಧನರಾದರು. ಅವರ ಹುಟ್ಟೂರಿನ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತ್ತು. 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯಲ್ಲಿ ಈಗ ಅದಿದೆ. ಜಿಲ್ಲೆಯ ಗೆರೆಗಳು ಬದಲಾದರೂ ಆ ಊರು ಒಂದೇ ಕನ್ನಡ ರಾಜ್ಯದೊಳಗೆ ಉಳಿದಿದೆ. ಪಕ್ಷ ರಾಜಕಾರಣದ ಸೋಲಿನಿಂದ ಮಸುಕಾಗದ ಅವರ ಸಾಧನೆಯನ್ನು ಇಲ್ಲಿ ಕಾಣಬೇಕು.