ಊಟದ ಹೊತ್ತಿನ ಇನ್ಸುಲಿನ್: ಪೆನ್ ಹಿಡಿಯುವ ಮುನ್ನ

ಒಂದು ಮದುವೆ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಕ್ಕರೆ ಕಾಯಿಲೆ ಇರುವ ಹಿರಿಯರೊಬ್ಬರು, ‘ಛತ್ರದಲ್ಲಿ ನಾಲ್ಕು ಜನರೆದುರು ಚುಚ್ಚಿಕೊಳ್ಳುವುದೇಕೆ’ ಎಂದು ಹನ್ನೆರಡು ಗಂಟೆಗೆ ಮನೆಯಲ್ಲೇ ಇನ್ಸುಲಿನ್ ತೆಗೆದುಕೊಂಡು ಹೊರಟರು. ಹೋದಾಗ ಮೊದಲ ಪಂಕ್ತಿ ತುಂಬಿಹೋಗಿತ್ತು. ಎರಡನೆಯ ಪಂಕ್ತಿಗೆ ಎಲೆ ಹಾಕುವಾಗ ಗಂಟೆ ಒಂದೂವರೆ. ಅಷ್ಟರಲ್ಲಿ ಅವರ ಮೈ ಬೆವೆತು, ಕೈ ನಡುಗಿ, ಮಾತು ತೊದಲತೊಡಗಿತ್ತು. ‘ಸೆಖೆಗೆ ತಲೆ ಸುತ್ತಿರಬೇಕು’ ಎಂದು ನೆರೆದವರು ಗಾಳಿ ಬೀಸಿದರು. ವಿಷಯ ತಿಳಿದಿದ್ದ ಹೆಂಡತಿ ಮಾತ್ರ ಓಡಿಹೋಗಿ ಸಿಹಿ ಪಾನಕ ತಂದು ಕುಡಿಸಿದರು. ಕಾಲು ಗಂಟೆಯಲ್ಲಿ ಅವರು ಚೇತರಿಸಿಕೊಂಡರು.

ಇಲ್ಲಿ ತಪ್ಪಿದ್ದು ಔಷಧವಲ್ಲ, ಹೊತ್ತು. ಊಟದ ಹೊತ್ತಿನ ಇನ್ಸುಲಿನ್ ಬಳಸುವವರೂ ಅವರ ಮನೆಯವರೂ ಮೊದಲು ತಿಳಿಯಬೇಕಾದ ಸಂಗತಿಯೇ ಇದು.

ಏಕೆ ಬೇಕು?

ಆರೋಗ್ಯವಂತರ ಮೇದೋಜೀರಕ ಗ್ರಂಥಿ ದಿನವಿಡೀ ಸ್ವಲ್ಪ ಸ್ವಲ್ಪ ಇನ್ಸುಲಿನ್ ಸ್ರವಿಸುತ್ತಲೇ ಇರುತ್ತದೆ. ಮುದ್ದೆ, ಅನ್ನ, ಇಡ್ಲಿ ಏನೇ ತಿಂದರೂ ಅದರ ಪಿಷ್ಟವು ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ. ಕೂಡಲೇ ಗ್ರಂಥಿಯು ಹೆಚ್ಚು ಇನ್ಸುಲಿನ್ ಸುರಿಸಿ ಆ ಗ್ಲೂಕೋಸನ್ನು ಜೀವಕೋಶಗಳಿಗೆ ತಲುಪಿಸುತ್ತದೆ. ಈ ಶಕ್ತಿ ಕುಂದಿದವರಿಗೆ ಇನ್ಸುಲಿನ್ನನ್ನು ಹೊರಗಿನಿಂದ ಕೊಡಬೇಕಾಗುತ್ತದೆ. ದಿನವಿಡೀ ಬೇಕಾದ ತಳಮಟ್ಟಕ್ಕೆ ದೀರ್ಘಕಾಲದ ಇನ್ಸುಲಿನ್, ಊಟದ ನಂತರ ಏರುವ ಸಕ್ಕರೆಗೆ ಚುರುಕಿನ ಇನ್ಸುಲಿನ್. ಒಂದನೆಯ ಬಗೆಯ ಮಧುಮೇಹವಿರುವ ಮಕ್ಕಳಿಗೆ, ಯುವಕರಿಗೆ ಇವೆರಡೂ ಬೇಕೇ ಬೇಕು. ಎರಡನೆಯ ಬಗೆಯವರಲ್ಲಿ ಮಾತ್ರೆ ಸಾಲದಾದ ಕೆಲವರಿಗೆ ಮತ್ತು ಕೆಲವು ಗರ್ಭಿಣಿಯರಿಗೂ ಬೇಕಾಗಬಹುದು.

1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಅದನ್ನು ಮೊದಲು ಕೊಡಲಾಯಿತು. ಪೆನ್ ಬಂದದ್ದು 1985ರಲ್ಲಿ. ಚುರುಕಿನ ಇನ್ಸುಲಿನ್‌ಗಳಲ್ಲಿ ಮೊದಲನೆಯದಾದ ಲಿಸ್‌ಪ್ರೊ ಬಳಕೆಗೆ ಬಂದದ್ದು 1996ರಲ್ಲಿ. ಆಸ್ಪಾರ್ಟ್, ಗ್ಲುಲಿಸಿನ್ ಆಮೇಲಿನವು.

ಹಳೆಯದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಹಳೆಯ ‘ರೆಗ್ಯುಲರ್’ ಇನ್ಸುಲಿನ್ ಚರ್ಮದಡಿ ಸೇರಿದ ಮೇಲೆ ಕೆಲಸ ಆರಂಭಿಸಲು ಸುಮಾರು ಅರ್ಧ ಗಂಟೆ ಬೇಕು. ಅದರ ಪ್ರಭಾವ 6ರಿಂದ 8 ಗಂಟೆ ಉಳಿಯುತ್ತದೆ. ಹೀಗಾಗಿ ಚುಚ್ಚಿಕೊಂಡು ಅರ್ಧ ಗಂಟೆ ಕಾದು ಊಟ ಮಾಡಬೇಕು. ಚುರುಕಿನ ಇನ್ಸುಲಿನ್ 10ರಿಂದ 20 ನಿಮಿಷದಲ್ಲಿ ಕೆಲಸ ಶುರುಮಾಡಿ, ಒಂದೆರಡು ಗಂಟೆಯಲ್ಲಿ ಉತ್ತುಂಗಕ್ಕೇರಿ, 3ರಿಂದ 5 ಗಂಟೆಯೊಳಗೆ ಇಳಿಯುತ್ತದೆ. ಆದ್ದರಿಂದ ಊಟಕ್ಕೆ ಮೊದಲಿನ 15 ನಿಮಿಷದೊಳಗೆ ತೆಗೆದುಕೊಂಡರೆ ಸಾಕು. ತಟ್ಟೆ ಎದುರಿಗೆ ಬರುವುದು ಖಚಿತವಾದ ಮೇಲೆ ಪೆನ್ ಹಿಡಿಯಿರಿ. ಊಟ ಬಿಟ್ಟರೆ ಆ ಹೊತ್ತಿನ ಚುರುಕಿನ ಇನ್ಸುಲಿನ್ನನ್ನೂ ಬಿಡಬೇಕು. ದೀರ್ಘಕಾಲದ ಇನ್ಸುಲಿನ್ನನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಏಕಾದಶಿ, ರಂಜಾನ್ ಎಂದು ಉಪವಾಸ ಮಾಡುವವರು ಮೊದಲೇ ವೈದ್ಯರನ್ನು ಕೇಳಿ ಪ್ರಮಾಣ ಬದಲಿಸಿಕೊಳ್ಳಬೇಕು.

ಪೆನ್ ಬಳಸುವ ಕ್ರಮ

1. ಕೈಯನ್ನು ಸಾಬೂನಿನಿಂದ ತೊಳೆಯಿರಿ. ಪೆನ್ನಿನ ಮೇಲಿನ ಹೆಸರು ಓದಿ. ಎರಡು ಬಗೆಯ ಪೆನ್ ಇರುವವರು ಒಂದಕ್ಕೆ ಬಣ್ಣದ ದಾರವನ್ನೋ ರಬ್ಬರನ್ನೋ ಕಟ್ಟಿಕೊಳ್ಳಿ. ರಾತ್ರಿ ದೀರ್ಘಕಾಲದ್ದರ ಬದಲು ಚುರುಕಿನದನ್ನು ಚುಚ್ಚಿಕೊಂಡರೆ ಪ್ರಾಣಕ್ಕೇ ಅಪಾಯ.

2. ಚುರುಕಿನ ಇನ್ಸುಲಿನ್ ನೀರಿನಂತೆ ತಿಳಿಯಾಗಿರಬೇಕು. ಕಲಕಿದಂತಿದ್ದರೆ, ಕಣಗಳಿದ್ದರೆ ಎಸೆಯಿರಿ.

3. ಹೊಸ ಸೂಜಿ ತಿರುಗಿಸಿ ಕೂರಿಸಿ. 2 ಯೂನಿಟ್ ತಿರುವಿ, ಸೂಜಿಯನ್ನು ಮೇಲಕ್ಕೆ ಹಿಡಿದು ಗುಂಡಿ ಒತ್ತಿ. ತುದಿಯಲ್ಲಿ ಹನಿ ಕಾಣಬೇಕು. ಕಾಣದಿದ್ದರೆ ಮತ್ತೊಮ್ಮೆ ಮಾಡಿ.

4. ವೈದ್ಯರು ಹೇಳಿದಷ್ಟು ಯೂನಿಟ್ ತಿರುವಿ. ಹೊಕ್ಕುಳಿನಿಂದ ಎರಡು ಅಂಗುಲ ಬಿಟ್ಟು ಹೊಟ್ಟೆಯ ಮೇಲೆ, ಇಲ್ಲವೇ ತೊಡೆಯ ಹೊರಭಾಗದಲ್ಲಿ ಚುಚ್ಚಿ. 4 ಮಿ.ಮೀ. ಸೂಜಿಯಾದರೆ ನೇರವಾಗಿ ಚುಚ್ಚಬಹುದು.

5. ಗುಂಡಿ ಪೂರ್ತಿ ಒತ್ತಿದ ಮೇಲೆ ನಿಧಾನವಾಗಿ ಹತ್ತು ಎಣಿಸಿ ಸೂಜಿ ತೆಗೆಯಿರಿ. ಅವಸರಪಟ್ಟರೆ ಔಷಧ ಹೊರಗೆ ಜಿನುಗುತ್ತದೆ. ಚುಚ್ಚಿದ ಜಾಗವನ್ನು ಉಜ್ಜಬೇಡಿ.

6. ಸೂಜಿಯನ್ನು ಪೆನ್ನಿನಲ್ಲೇ ಬಿಡಬೇಡಿ. ಬಿಚ್ಚಿ, ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಡಿ. ಬರಿ ಕಸದಬುಟ್ಟಿಗೆ ಹಾಕಿದರೆ ಪೌರಕಾರ್ಮಿಕರ ಕೈಗೆ ಚುಚ್ಚೀತು.

ದಿನವೂ ಒಂದೇ ಜಾಗಕ್ಕೆ ಚುಚ್ಚಿಕೊಂಡರೆ ಅಲ್ಲಿ ಕೊಬ್ಬು ಗಂಟುಕಟ್ಟುತ್ತದೆ. ಗಂಟಿಗೆ ಚುಚ್ಚಿದಾಗ ನೋವು ಕಡಿಮೆ, ಅದಕ್ಕೇ ಹಲವರು ಆ ಜಾಗ ಬಿಡುವುದಿಲ್ಲ. ಆದರೆ ಅಲ್ಲಿಂದ ಇನ್ಸುಲಿನ್ ಸರಿಯಾಗಿ ರಕ್ತ ಸೇರದೆ ಸಕ್ಕರೆ ಒಂದು ದಿನ ಏರಿ, ಇನ್ನೊಂದು ದಿನ ಇಳಿಯುತ್ತದೆ. ಪ್ರತಿಸಲ ಒಂದು ಬೆರಳಿನಷ್ಟಾದರೂ ಜಾಗ ಬದಲಿಸಿ.

ಈ ತಪ್ಪುಗಳನ್ನು ಮಾಡಬೇಡಿ

ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಬಾಟಲಿಯ ಒಂದು ಮಿ.ಲೀ.ನಲ್ಲಿ 40 ಯೂನಿಟ್ ಇರುತ್ತದೆ. ಪೆನ್ನಿನ ಕಾರ್ಟ್ರಿಜ್‌ನಲ್ಲಿ ಸಾಮಾನ್ಯವಾಗಿ 100 ಯೂನಿಟ್. ಪೆನ್ ಕೆಟ್ಟಿತೆಂದು ಕಾರ್ಟ್ರಿಜ್‌ನಿಂದ 40ರ ಸಿರಿಂಜಿಗೆ ಎಳೆದು ಚುಚ್ಚಿಕೊಂಡರೆ ಎರಡೂವರೆ ಪಟ್ಟು ಔಷಧ ಮೈ ಸೇರುತ್ತದೆ. ಇದು ಬಹಳ ಅಪಾಯ.

ಗಂಡ ಹೆಂಡತಿ ಇಬ್ಬರಿಗೂ ಮಧುಮೇಹವಿದ್ದು, ಇಬ್ಬರದೂ ಒಂದೇ ಔಷಧವಾದರೂ ಪೆನ್ ಹಂಚಿಕೊಳ್ಳಬಾರದು. ಸೂಜಿ ಬದಲಿಸಿದರೂ ಒಬ್ಬರ ರಕ್ತದ ಕಣ ಕಾರ್ಟ್ರಿಜ್‌ನೊಳಗೆ ಸೇರಿ ಸೋಂಕು ದಾಟಬಹುದು.

ಊಟವಾಗಿ ಎರಡು ಗಂಟೆಗೆ ಸಕ್ಕರೆ ಹೆಚ್ಚಿದೆಯೆಂದು ಗಾಬರಿಯಿಂದ ಇನ್ನೊಮ್ಮೆ ಚುಚ್ಚಿಕೊಳ್ಳಬೇಡಿ. ಮೊದಲಿನದು ಇನ್ನೂ ಕೆಲಸ ಮಾಡುತ್ತಿರುತ್ತದೆ. ಎರಡೂ ಕೂಡಿಕೊಂಡು ಸಕ್ಕರೆ ಪಾತಾಳಕ್ಕಿಳಿಯಬಹುದು. ಅಂಕಿಯನ್ನು ಪುಸ್ತಕದಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿ.

ಬಳಸದ ಇನ್ಸುಲಿನ್ನನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿಡಿ, ಮಂಜುಗಡ್ಡೆಯ ಖಾನೆಯಲ್ಲಿ ಬೇಡ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಪ್ರಯೋಜನವಿಲ್ಲ. ಬಳಕೆಯಲ್ಲಿರುವ ಪೆನ್ ಹೊರಗಿರಲಿ. 30 ಡಿಗ್ರಿ ಮೀರದ ತಂಪಿನಲ್ಲಿ ಸಾಮಾನ್ಯವಾಗಿ 28 ದಿನ ಬಳಸಬಹುದು. ರಾಯಚೂರು, ಕಲಬುರಗಿಯಂಥ ಊರುಗಳ ಬೇಸಿಗೆಯಲ್ಲಿ ನೀರು ತುಂಬಿದ ಮಣ್ಣಿನ ಮಡಕೆಯೊಳಗೆ, ನೀರು ತಾಗದಂತೆ ಡಬ್ಬಿಯಲ್ಲಿಡುವುದು ಒಳ್ಳೆಯ ಉಪಾಯ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ.

ಸಕ್ಕರೆ ಇಳಿದಾಗ

ಬೆವರು, ನಡುಕ, ಎದೆಬಡಿತ, ವಿಪರೀತ ಹಸಿವು, ಕಾರಣವಿಲ್ಲದ ಸಿಡುಕು, ತೊದಲು ಮಾತು ಇದರ ಲಕ್ಷಣಗಳು. ಪರೀಕ್ಷಿಸಿದಾಗ 70 ಮಿ.ಗ್ರಾಂ.ಗಿಂತ ಕಡಿಮೆಯಿದ್ದರೆ, ಪರೀಕ್ಷಿಸಲು ಸಾಧ್ಯವಾಗದಿದ್ದರೂ ಸಹ, ತಡಮಾಡದೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯಿರಿ. ಲಾಡು, ಚಾಕೊಲೇಟ್ ಬೇಡ. ಅವುಗಳ ಜಿಡ್ಡಿನಿಂದ ಸಕ್ಕರೆ ರಕ್ತ ಸೇರುವುದು ತಡವಾಗುತ್ತದೆ. 15 ನಿಮಿಷದ ನಂತರ ಮತ್ತೆ ನೋಡಿ, ಇಳಿದೇ ಇದ್ದರೆ ಮತ್ತೊಮ್ಮೆ ಕೊಡಿ. ಚೇತರಿಸಿಕೊಂಡ ಮೇಲೆ ಊಟವನ್ನೋ ತಿಂಡಿಯನ್ನೋ ಮಾಡಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಮಲಗಿಸಿ, ಕೂಡಲೇ ಆಸ್ಪತ್ರೆಗೆ ಸಾಗಿಸಿ.

ಖರ್ಚಿನ ಮಾತು

ಪೆನ್ನಿನ ಇನ್ಸುಲಿನ್ ಬಾಟಲಿಯದಕ್ಕಿಂತ ದುಬಾರಿ ಎಂಬುದು ನಿಜ. ಕೊಳ್ಳಲಾಗದೆಂದು ದಿನ ಬಿಟ್ಟು ದಿನ ಚುಚ್ಚಿಕೊಳ್ಳುವುದು, ಪ್ರಮಾಣ ಕಡಿಮೆ ಮಾಡುವುದು ಬೇಡ. ಸಂಕೋಚಪಡದೆ ವೈದ್ಯರಿಗೆ ಹೇಳಿ. ಹಳೆಯ ಇನ್ಸುಲಿನ್ನನ್ನು ಸರಿಯಾದ ಸಿರಿಂಜಿನಲ್ಲಿ, ಸರಿಯಾದ ಹೊತ್ತಿಗೆ ತೆಗೆದುಕೊಂಡರೂ ಸಕ್ಕರೆ ಹತೋಟಿಗೆ ಬರುತ್ತದೆ.

ಇನ್ಸುಲಿನ್ ಶುರುವಾಯಿತೆಂದರೆ ಕಾಯಿಲೆ ಕೈಮೀರಿತೆಂದು ಅಳುವವರಿದ್ದಾರೆ. ಹಾಗೇನೂ ಅಲ್ಲ. ಕಣ್ಣು, ಮೂತ್ರಪಿಂಡ, ಕಾಲುಗಳನ್ನು ಕಾಪಾಡಿಕೊಳ್ಳಲು ಇದು ನೆರವು. ಪೆನ್ನನ್ನು ಬಚ್ಚಿಡಬೇಡಿ. ಛತ್ರಕ್ಕೆ ಹೋಗುವಾಗ ಚೀಲದಲ್ಲಿ ಪೆನ್ನೂ ಇರಲಿ, ಸಕ್ಕರೆ ಪೊಟ್ಟಣವೂ ಇರಲಿ. ಎಲೆ ಹಾಕಿದ ಮೇಲೆ ಚುಚ್ಚಿಕೊಳ್ಳಿ. ಅದೇ ಕ್ಷೇಮ.