ಬಹು ಸಂಸ್ಕೃತಿಗಳ ನಾಡು, ಒಂದೇ ಪೌರತ್ವ

ಭಾಷೆ, ವರ್ಣ, ಮತಾಚಾರಗಳು ಹಲವಾದರೆ ದೇಶದ ಐಕ್ಯ ಸಡಿಲವಾದೀತೆಂಬ ಭಯ ಎಲ್ಲ ಕಾಲದಲ್ಲಿಯೂ ಇದ್ದದ್ದೇ. ವಲಸೆ ಬಂದವರಿಂದಲೇ ಬಹುಮಟ್ಟಿಗೆ ಬೆಳೆದ ಕೆನಡಾ ದೇಶದ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ. ಕರಾವಳಿಯ ಅನೇಕ ಕಥೋಲಿಕ ಕುಟುಂಬಗಳ ಮಕ್ಕಳು ಅಲ್ಲಿ ನೆಲೆಸಿರುವುದರಿಂದ ಅದು ನಮಗೆ ಅಪರಿಚಿತ ನಾಡೂ ಅಲ್ಲ.

2021ರ ಜನಗಣತಿಯಂತೆ ಅಲ್ಲಿನ ನಿವಾಸಿಗಳಲ್ಲಿ ಶೇ. 23ರಷ್ಟು ಮಂದಿ, ಅಂದರೆ ಸುಮಾರು 83 ಲಕ್ಷ ಜನ, ವಲಸೆ ಬಂದವರು. ಗಣತಿಯಲ್ಲಿ ಜನರು ತಿಳಿಸಿದ ಜನಾಂಗೀಯ ಹಾಗೂ ಸಾಂಸ್ಕೃತಿಕ ಮೂಲಗಳು 450ಕ್ಕೂ ಹೆಚ್ಚು. ಟೊರಾಂಟೊ ಮಹಾಧರ್ಮಕ್ಷೇತ್ರವೊಂದರಲ್ಲಿಯೇ ಪ್ರತಿವಾರ 30ಕ್ಕೂ ಅಧಿಕ ಭಾಷೆಗಳಲ್ಲಿ ಬಲಿಪೂಜೆ ಅರ್ಪಿತವಾಗುತ್ತದೆ.

ಆದರೆ ಈ ಔದಾರ್ಯ ಆ ದೇಶಕ್ಕೆ ಹುಟ್ಟಿನಿಂದ ಬಂದುದಲ್ಲ. ರೈಲುಹಾದಿಗಾಗಿ ಬೆವರು ಸುರಿಸಿದ ಚೀನೀಯರ ಜನಾಂಗದ ಮೇಲೆ 1885ರಲ್ಲಿ 50 ಡಾಲರುಗಳ ತಲೆಗಂದಾಯ ವಿಧಿಸಲಾಯಿತು; 1903ರಲ್ಲಿ ಅದು 500 ಡಾಲರುಗಳಿಗೇರಿತು. 1914ರಲ್ಲಿ 'ಕೊಮಗಾಟ ಮಾರು' ಹಡಗಿನಲ್ಲಿ ವ್ಯಾಂಕೂವರ್ ತಲುಪಿದ 376 ಭಾರತೀಯರಲ್ಲಿ ಬೆರಳೆಣಿಕೆಯಷ್ಟು ಮಂದಿಯ ಹೊರತು ಮಿಕ್ಕವರು ಎರಡು ತಿಂಗಳು ಬಂದರಿನಲ್ಲಿಯೇ ಕಾದು ಹಿಂದಿರುಗಬೇಕಾಯಿತು. ಮೊದಲನೆಯ ಅನ್ಯಾಯಕ್ಕಾಗಿ 2006ರಲ್ಲಿ, ಎರಡನೆಯದಕ್ಕಾಗಿ 2016ರಲ್ಲಿ ಅಲ್ಲಿನ ಪ್ರಧಾನಿಗಳು ಸಂಸತ್ತಿನಲ್ಲಿ ಕ್ಷಮೆ ಯಾಚಿಸಿದರು.

1967ರಲ್ಲಿ ಮೂಲದೇಶವನ್ನು ಗಣಿಸದೆ ವಿದ್ಯೆ, ಕೌಶಲಗಳಿಗೆ ಅಂಕ ನೀಡಿ ವಲಸೆಗಾರರನ್ನು ಆರಿಸುವ ಪದ್ಧತಿ ಬಂತು. 1971ರಲ್ಲಿ ಪ್ರಧಾನಿ ಪಿಯರ್ ಟ್ರೂಡೊ ಬಹುಸಂಸ್ಕೃತಿ ನೀತಿಯನ್ನು ಘೋಷಿಸಿದರು; 1988ರಲ್ಲಿ ಅದು ಶಾಸನವಾಯಿತು. ಅಧಿಕೃತ ಭಾಷೆಗಳು ಇಂಗ್ಲಿಷ್ ಮತ್ತು ಫ್ರೆಂಚ್ ಎರಡೇ. ಅಧಿಕೃತ ಸಂಸ್ಕೃತಿ ಮಾತ್ರ ಯಾವುದೂ ಇಲ್ಲವೆಂಬುದು ಆ ನೀತಿಯ ತಿರುಳು. ವಿರೋಧದ ನಡುವೆಯೂ 1990ರಲ್ಲಿ ಸಿಖ್ ಪೊಲೀಸರಿಗೆ ಪೇಟ ಧರಿಸಲು ಅನುಮತಿ ದೊರೆಯಿತು. ಪೇಟ ಧರಿಸಿದವನೂ ಕಾಯುವುದು ಅದೇ ಕಾನೂನನ್ನೇ ಅಲ್ಲವೆ?

ಹಾಗೆಂದು ಸಮಸ್ಯೆಗಳು ತೀರಿದವೆಂದಲ್ಲ. ಫ್ರೆಂಚ್ ಭಾಷಿಕರ ಕ್ವಿಬೆಕ್ ಪ್ರಾಂತದಲ್ಲಿ 1995ರಲ್ಲಿ ನಡೆದ ಜನಮತಗಣನೆಯಲ್ಲಿ ಪ್ರತ್ಯೇಕತೆಯ ವಿರುದ್ಧ ಬಿದ್ದ ಮತಗಳು ಶೇ. 50.58 ಮಾತ್ರ. ಕೂದಲೆಳೆಯ ಅಂತರದಲ್ಲಿ ಆ ದೇಶ ಉಳಿಯಿತು. ಆದರೂ ವಿವಾದವನ್ನು ಅವರು ಮತಪೆಟ್ಟಿಗೆಯ ಮುಂದಿಟ್ಟರು, ಕತ್ತಿಯ ಮುಂದಲ್ಲ.

ಎಲ್ಲಕ್ಕಿಂತ ಆಳವಾದ ಗಾಯ ಮೂಲನಿವಾಸಿಗಳದು. ಅವರು ವಲಸೆ ಬಂದವರಲ್ಲ. ಆ ನೆಲದ ಮಕ್ಕಳು. ಐಕ್ಯವೆಂದರೆ ಏಕರೂಪವೆಂದು ಭ್ರಮಿಸಿದ ಸರಕಾರವು ಶತಮಾನಕ್ಕೂ ಮಿಕ್ಕಿ ನಡೆಸಿದ ವಸತಿಶಾಲೆಗಳಿಗೆ ಸುಮಾರು ಒಂದೂವರೆ ಲಕ್ಷ ಮಕ್ಕಳನ್ನು ಸೇರಿಸಲಾಯಿತು. ತಾಯ್ನುಡಿಯಾಡಿದ್ದಕ್ಕೆ ಶಿಕ್ಷೆ ಉಂಡವರು ಅನೇಕರು. ಮನೆಗೆ ಮರಳದೆ ಅಲ್ಲಿಯೇ ಅಸುನೀಗಿದವರೂ ಸಾವಿರಾರು. ಆ ಶಾಲೆಗಳಲ್ಲಿ ಹೆಚ್ಚಿನವನ್ನು ನಡೆಸಿದವರು ನಮ್ಮ ಕಥೋಲಿಕ ಧರ್ಮಸಭೆಗೆ ಸೇರಿದವರೇ ಎಂಬುದನ್ನು ನಾವು ಮರೆಮಾಚಲಾಗದು. 2022ರ ಜುಲೈಯಲ್ಲಿ ಜಗದ್ಗುರು ಫ್ರಾನ್ಸಿಸರು ಆಲ್ಬರ್ಟಾದ ಮಾಸ್ಕ್ವಾಸಿಸ್‌ಗೆ ತೆರಳಿ, ಬದುಕುಳಿದವರೆದುರು ಕ್ಷಮೆ ಬೇಡಿದರು.

ಈ ಚರಿತ್ರೆ ನಮಗೆ ಕಲಿಸುವುದೇನು? ಕಾನೂನು ಎಲ್ಲರಿಗೂ ಒಂದೇ ಆಗಿರಲಿ, ವ್ಯವಹಾರಕ್ಕೆ ಸಮಾನ ಭಾಷೆಯಿರಲಿ. ಆದರೆ ಮಗುವಿನ ಬಾಯಿಂದ ತಾಯ್ನುಡಿಯನ್ನು ಕಿತ್ತುಕೊಂಡು ಯಾವ ದೇಶವೂ ಬಲಗೊಳ್ಳಲಿಲ್ಲ. ಹೊರನಾಡಿನಲ್ಲಿರುವ ನಮ್ಮ ಮಕ್ಕಳಿಗೆ ಮನೆಮಾತನ್ನೂ ಪ್ರಾರ್ಥನೆಯನ್ನೂ ಉಳಿಸಿಕೊಳ್ಳುವ ಹಕ್ಕು ಬೇಕೆಂದು ನಾವು ಬಯಸುತ್ತೇವೆ. ನಮ್ಮೂರಿಗೆ ದುಡಿಯಲು ಬಂದ ಅನ್ಯಭಾಷಿಕನಿಗೂ ಅದೇ ಹಕ್ಕನ್ನು ಮನಃಪೂರ್ವಕವಾಗಿ ಕೊಡಬಲ್ಲೆವೆ? ನಮ್ಮ ಧರ್ಮಕೇಂದ್ರಗಳಲ್ಲಿ, ನಮ್ಮ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕೋಣ.