ಅಜ್ಜಿಯ ಕಾಶೀಪಟ

ಕಾಶಿಗೆ ಹೋಗಿ ಬಂದವರು ಏನೇನು ತರುತ್ತಿದ್ದರೆಂಬುದನ್ನು ಹಿರಿಯರಿದ್ದ ಮನೆಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಬಾಯಿಗೆ ಬೆಸುಗೆ ಹಾಕಿದ ಗಂಗೆಯ ಗಿಂಡಿ, ಮಕ್ಕಳ ಕೊರಳಿಗೆ ಕಟ್ಟುವ ಕಪ್ಪು ಕಾಶೀದಾರ, ಅಂಗೈಯಗಲದ ಅನ್ನಪೂರ್ಣೆ. ಇವುಗಳೊಂದಿಗೆ, ಅಲ್ಲಿ ಬಿಟ್ಟುಬಂದ ಹಣ್ಣು ಯಾವುದು, ಕಾಯಿ ಯಾವುದೆಂಬ ವರದಿ. ನಮ್ಮ ಅಜ್ಜಿ ಬಿಟ್ಟುಬಂದದ್ದು ಹಾಗಲಕಾಯಿಯನ್ನು. ಅದನ್ನು ಅವರು ಮೊದಲೂ ತಿನ್ನುತ್ತಿರಲಿಲ್ಲವೆಂದು ತಾತ ನಗುತ್ತಿದ್ದರಂತೆ.

1968ರಲ್ಲಿ ಊರಿನ ಇಪ್ಪತ್ತು ಮಂದಿಯ ಜತೆಗೆ ಹೋಗಿಬಂದ ಅಜ್ಜಿಯ ಟ್ರಂಕಿನಲ್ಲಿ, ಇವೆಲ್ಲದರ ಅಡಿಯಲ್ಲಿ, ನಾಲ್ಕಾಗಿ ಮಡಿಚಿದ ಒಂದು ಕಾಗದವೂ ಇತ್ತು. ಬಿಡಿಸಿದರೆ ಕಾಶಿ. ಕೆಳಗೆ ನೀಲಿ ಗಂಗೆ, ಅದರಲ್ಲಿ ದೋಣಿ, ಮೀನು, ಮೊಸಳೆ. ಮೇಲೆ ಘಾಟುಗಳ ಮೆಟ್ಟಿಲು, ಗೋಪುರಗಳ ಸಾಲು. ಎಲ್ಲವನ್ನೂ ಬಳೆಯಂತೆ ಸುತ್ತಿದ ಒಂದು ಕೆಂಪು ದಾರಿ, ದಾರಿಯುದ್ದಕ್ಕೂ ಬೆರಳ ತುದಿಯಷ್ಟು ದೊಡ್ಡ ಗುಡಿಗಳು. ಹೆಸರುಗಳೆಲ್ಲ ನಾಗರಿಯಲ್ಲಿ, ಅಜ್ಜಿಗೆ ಬರುತ್ತಿದ್ದುದು ಕನ್ನಡವೊಂದೇ.

ನಾನು ಅದನ್ನು ಮೊದಲು ಕಂಡದ್ದು ಶಾಲೆಯಲ್ಲಿ ಭೂಗೋಳ ಕಲಿಯುತ್ತಿದ್ದ ಕಾಲದಲ್ಲಿ. ಉತ್ತರ ದಿಕ್ಕು ಎಲ್ಲಿ, ಅಳತೆಯ ಪಟ್ಟಿ ಎಲ್ಲಿ ಎಂದು ಕೇಳಿದೆ. “ದಿಕ್ಕು ಯಾಕಪ್ಪ? ದೇವರನ್ನ ಬಲಕ್ಕೆ ಇಟ್ಟುಕೊಂಡು ನಡೆದರಾಯಿತು” ಎಂದರು ಅಜ್ಜಿ. ಆಗ ಅದು ತಿಳಿಯದವರ ಮಾತೆನಿಸಿತು. ಪಂಚಕ್ರೋಶೀ ದಾರಿಯ ಗುಡಿಗಳು ಯಾತ್ರಿಕನ ಬಲಕ್ಕೂ ತಂಗುವ ಧರ್ಮಶಾಲೆಗಳು ಎಡಕ್ಕೂ ಇರುವುದೇ ಅಲ್ಲಿನ ಏರ್ಪಾಡೆಂದು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಪಂಚಕ್ರೋಶೀ ಎಂಬುದು ಕಾಶೀಕ್ಷೇತ್ರದ ಪ್ರದಕ್ಷಿಣೆ. ಮಣಿಕರ್ಣಿಕೆಯಲ್ಲಿ ಮಿಂದು ಹೊರಟವರು ಕರ್ದಮೇಶ್ವರ, ಭೀಮಚಂಡಿ, ರಾಮೇಶ್ವರ, ಶಿವಪುರ, ಕಪಿಲಧಾರೆಗಳಲ್ಲಿ ಒಂದೊಂದು ರಾತ್ರಿ ತಂಗಿ, ಮತ್ತೆ ಮಣಿಕರ್ಣಿಕೆಗೆ ಬಂದು ಮುಗಿಸುತ್ತಾರೆ. ದಾರಿಯಲ್ಲಿ 108 ಗುಡಿಗಳು; ನಡೆಯಬೇಕಾದದ್ದು ಸುಮಾರು 88 ಕಿಲೋಮೀಟರು. ನೆಲದ ಮೇಲೆ ಈ ದಾರಿ ದುಂಡಗಿಲ್ಲ. ಹೊಲ, ಹಳ್ಳಿ, ವರಣಾ ನದಿಯ ದಂಡೆಗಳನ್ನು ನೋಡಿಕೊಂಡು ಹೇಗೆ ಹೇಗೋ ತಿರುಗುತ್ತದೆ. ಅಜ್ಜಿಯ ಪಟದಲ್ಲಿ ಮಾತ್ರ ಅದು ತಪ್ಪದೆ ಮಂಡಲ. ಸುತ್ತಿಬಂದವರಿಗೆ ತಾವು ಸುತ್ತಿದ್ದು ಮಂಡಲವನ್ನೇ.

ಇದೇ ಊರನ್ನು ಅಳೆದು ಬರೆದವರೂ ಉಂಟು. ಜೇಮ್ಸ್ ಪ್ರಿನ್ಸೆಪ್ 1820ರಲ್ಲಿ ಕಾಶಿಯ ಟಂಕಸಾಲೆಯ ಅಧಿಕಾರಿಯಾಗಿ ಬಂದು, 1822ರಲ್ಲಿ ನಗರವನ್ನು ಮೋಜಣಿ ಮಾಡಿ ನಕ್ಷೆಯನ್ನು ಸಿದ್ಧಪಡಿಸಿದನು. (1837ರಲ್ಲಿ ಅಶೋಕನ ಬ್ರಾಹ್ಮೀಲಿಪಿಯನ್ನು ಓದಿದವನೂ ಇವನೇ, ನಮ್ಮ ಮಸ್ಕಿಯ ಬಂಡೆಯ ಮುಂದೆ ನಿಂತಾಗ ಈತನನ್ನು ನೆನೆಯಬೇಕು.) ಅವನ ನಕ್ಷೆಯಲ್ಲಿ ಗಲ್ಲಿಗೆ ಗಲ್ಲಿ ಸೇರುತ್ತದೆ. ಅದಾಗಿ ಅರ್ಧ ಶತಮಾನದ ಮೇಲೆ, 1876ರಲ್ಲಿ, ಕೈಲಾಸನಾಥ ಸುಕುಲನ ‘ಕಾಶೀದರ್ಪಣ’ ಅಚ್ಚಾಯಿತು. ಅದು ಯಾತ್ರಿಕರ ಕಾಶಿ, ದೇವತೆಗಳಿಂದ ಕಿಕ್ಕಿರಿದದ್ದು. ಮೋಜಣಿಯ ನಕ್ಷೆ ಬಂದಮೇಲೂ ಇಂಥ ಪಟ ಏಕೆ ಬೇಕಾಯಿತೆಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ಪ್ರಿನ್ಸೆಪ್‌ನ ನಕ್ಷೆ ಕಾಶಿಗೆ ಹೋಗುವವನಿಗೆ ಬೇಕು, ಸುಕುಲನ ಪಟ ಕಾಶಿಯಿಂದ ಹಿಂತಿರುಗಿದವನಿಗೆ ಬೇಕು.

ಪುರಿಯ ಯಾತ್ರಿಕರಿಗೂ ಇಂಥದೊಂದು ಪಟವಿದೆ. ಹುಣಿಸೆಬೀಜದ ಅಂಟನ್ನೂ ಸುಣ್ಣಕಲ್ಲಿನ ಪುಡಿಯನ್ನೂ ಬಟ್ಟೆಗೆ ಬಳಿದು, ಒಣಗಿಸಿ, ತಿಕ್ಕಿ ನಯಮಾಡಿ, ಅಲ್ಲಿನ ಚಿತ್ರಕಾರರು ಬರೆಯುವ ಪಟಗಳಲ್ಲಿ ಯಾತ್ರಿಕರು ಊರಿಗೊಯ್ಯಲೆಂದೇ ಮಾಡಿದ ಪಟಗಳದೊಂದು ಬಗೆ. ನಡುವೆ ಜಗನ್ನಾಥ, ಬಲಭದ್ರ, ಸುಭದ್ರೆಯರು. ಸುತ್ತ ಪ್ರಾಕಾರ, ಸಿಂಹದ್ವಾರ, ಕಿರಿಯ ಗುಡಿಗಳು. ಕೆಲವು ಪಟಗಳಲ್ಲಿ ಕ್ಷೇತ್ರವಿಡೀ ಶಂಖದೊಳಗೆ ಅಡಗಿದೆ, ಏಕೆಂದರೆ ಪುರಿ ಶಂಖಕ್ಷೇತ್ರ. ಗರ್ಭಗುಡಿಯ ಮುಂದಿನ ನೂಕುನುಗ್ಗಲಿನಲ್ಲಿ ಕ್ಷಣವಷ್ಟೆ ಕಂಡದ್ದನ್ನು ಮನೆಯಲ್ಲಿ ಸಾವಕಾಶವಾಗಿ ಕಾಣಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನರಿಯೆ.

ಗುಜರಾತಿನ ಜೈನರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪಾಲಿತಾಣದ ಶತ್ರುಂಜಯ ಗಿರಿಗೆ ಮೂರು ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳು. ಮಳೆಗಾಲದ ಚಾತುರ್ಮಾಸದಲ್ಲಿ ಯಾತ್ರೆಯಿಲ್ಲ. ಕಾರ್ತಿಕ ಪೂರ್ಣಿಮೆಗೆ ಮತ್ತೆ ಆರಂಭ. ಆ ದಿನ ಗಿರಿಯನ್ನು ಹತ್ತಲಾರದವರಿಗಾಗಿ ಊರೂರುಗಳಲ್ಲಿ ಶತ್ರುಂಜಯದ ದೊಡ್ಡ ಬಟ್ಟೆಪಟವನ್ನು ತೂಗುಹಾಕುತ್ತಾರೆ. ಜನ ಅದರ ಮುಂದೆ ನಿಂತು ವಂದಿಸುತ್ತಾರೆ. ಹಿಂದೊಮ್ಮೆ ಹತ್ತಿದ್ದ ಮುದುಕರಿಗೆ ಅದು ನೆನಪು, ಹತ್ತದವರಿಗೆ ಅದೇ ಯಾತ್ರೆ.

ವೀ.ಸೀ. ಅವರ ‘ಪಂಪಾಯಾತ್ರೆ’ಯನ್ನೂ ಕಾರಂತರ ‘ಅಬೂವಿನಿಂದ ಬರಾಮಕ್ಕೆ’ಯನ್ನೂ ತರಗತಿಯಲ್ಲಿ ಪ್ರಸ್ತಾಪಿಸುವಾಗಲೆಲ್ಲ ನನಗೆ ಈ ಪಟಗಳು ನೆನಪಾಗುತ್ತವೆ. ಬರೆಯಬಲ್ಲವರ ಪ್ರವಾಸಗಳು ನಮ್ಮ ಸಾಹಿತ್ಯಚರಿತ್ರೆಯೊಳಗೆ ಬಂದುವು. ಎರಡು ವಾಕ್ಯಗಳನ್ನು ಕೂಡಿಸಿ ಬರೆಯುವ ಅಭ್ಯಾಸವಿಲ್ಲದವರು ತಮ್ಮ ಪ್ರವಾಸವನ್ನು ಎಲ್ಲಿ ಬರೆದರೆಂದು ನಾವು ಹುಡುಕಲಿಲ್ಲ. ನಾನಂತೂ ಹುಡುಕಲಿಲ್ಲ, ಅದು ನಮ್ಮ ಮನೆಯ ಟ್ರಂಕಿನಲ್ಲಿಯೇ ಇದ್ದರೂ.

ಅಜ್ಜಿಯ ಪಟದ ಅಂಚಿನಲ್ಲಿ ನಾಲ್ಕು ಕಡೆಗೂ ಎರಡೆರಡು ಬೆರಳು ಬಿಳಿಯ ಜಾಗವಿತ್ತು. ಅವರು ಪೆನ್ಸಿಲಿನಿಂದ ದಾರಿಯ ಮೇಲೆ ಸಣ್ಣ ಸೊನ್ನೆ ಸುತ್ತಿ, ಅಲ್ಲಿಂದ ಅಂಚಿಗೆ ಗೆರೆಯೆಳೆದು, ಗೆರೆಯ ಕೊನೆಯಲ್ಲಿ ಎರಡೋ ಮೂರೋ ಮಾತು ಬರೆದಿದ್ದರು. ‘ಬಾವಿ ನೀರು ಸಿಹಿ’ ಎಂದು ಕರ್ದಮೇಶ್ವರದ ಎದುರಿಗೆ, ‘ಕಾಲು ಬೊಬ್ಬೆ’ ಎಂದು ಭೀಮಚಂಡಿಗೆ, ‘ಮಳೆ. ಒಲೆ ಹತ್ತಲಿಲ್ಲ’ ಎಂದು ಶಿವಪುರಕ್ಕೆ. ಇಂಥವು ಹದಿನೈದಿಪ್ಪತ್ತು ಇದ್ದಿರಬೇಕು. ನನಗೆ ನೆನಪಿರುವುದು ಈ ಮೂರೇ.

ಅಜ್ಜಿ ತೀರಿಕೊಂಡದ್ದು 2003ರಲ್ಲಿ. ಮರುವರ್ಷ, ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮೊದಲ ಸಂಬಳದಲ್ಲಿ ಪಟಕ್ಕೆ ಕಟ್ಟು ಹಾಕಿಸಲು ಕೊಟ್ಟೆ. ಅಂಗಡಿಯವರು ಕಾಗದವನ್ನು ಬಿಡಿಸಿ ನೋಡಿ, “ಅಂಚು ಕೊಳೆಯಾಗಿದೆ ಸಾರ್, ಮಡಿಕೆಯಲ್ಲಿ ಹರಿದೂ ಇದೆ. ತೆಗೆದುಬಿಟ್ಟರೆ ಚೆನ್ನಾಗಿ ಕೂರುತ್ತೆ” ಎಂದರು. ತೆಗೆಯಿರಿ ಎಂದವನು ನಾನೇ. ಪ್ರಾಚೀನ ಕಾವ್ಯದ ಹಸ್ತಪ್ರತಿಗಳಲ್ಲಿ ಲಿಪಿಕಾರರು ಅಂಚಿನಲ್ಲಿ ಬರೆದ ಒಂದಕ್ಷರವೂ ಹೋಗಬಾರದೆಂದು ಪಾಠ ಕೇಳಿ, ಅದನ್ನೇ ಪರೀಕ್ಷೆಯಲ್ಲಿ ಬರೆದು ಅಂಕಗಳನ್ನು ಪಡೆದು, ಎರಡು ವರ್ಷವೂ ಆಗಿರಲಿಲ್ಲ. ಒಂದು ವಾರದ ಮೇಲೆ ಹೊಳಪಿನ ಗಾಜಿನ ಹಿಂದೆ ಪಟ ಬಂತು. ಅಮ್ಮ ನೋಡಿ, “ಅಜ್ಜಿ ಬರೆದದ್ದು ಎಲ್ಲೋ?” ಎಂದರು. ಅಂಗಡಿಗೆ ಓಡಿದೆ. ಕಾಗದದ ಚೂರುಗಳನ್ನು ಗುಡಿಸಿ ಹಾಕಿ ಎಷ್ಟೋ ದಿನವಾಗಿತ್ತು.

2022ರಲ್ಲಿ, ಪಟದ ಛಾಯಾಚಿತ್ರವನ್ನು ಕೈಯಲ್ಲಿ ಹಿಡಿದು ನಾನೂ ಕಾಶಿಗೆ ಹೋದೆ. ವಿಶ್ವನಾಥನ ಸುತ್ತಣ ಗಲ್ಲಿಗಳಲ್ಲಿ ಅನೇಕವು ಇರಲಿಲ್ಲ. ಅವನ್ನು ತೆರವುಮಾಡಿ ಕಟ್ಟಿದ, ಗುಡಿಯಿಂದ ಗಂಗೆಗೆ ತೆರೆದ ವಿಶಾಲ ಪ್ರಾಕಾರವು 2021ರ ಡಿಸೆಂಬರಿನಲ್ಲಿ ಉದ್ಘಾಟನೆಯಾಗಿತ್ತು. ಅಜ್ಜಿ ನೂಕಿಸಿಕೊಂಡು ನಡೆದ ಓಣಿಗಳು ಈಗ ಅವರ ಪಟದಲ್ಲಿ ಮಾತ್ರ ಇವೆ. ಹನುಮಾನ್ ಘಾಟಿನ ಬಳಿಯ ಕರ್ನಾಟಕ ಘಾಟಿನ ಮೆಟ್ಟಿಲ ಮೇಲೆ ಕುಳಿತು ಪಟವನ್ನು ಇನ್ನೊಮ್ಮೆ ನೋಡಿದೆ. ಭೀಮಚಂಡಿಗೂ ರಾಮೇಶ್ವರಕ್ಕೂ ನಡುವೆ, ಗುಡಿಯಾಗಲಿ ಧರ್ಮಶಾಲೆಯಾಗಲಿ ಇಲ್ಲದೆಡೆಯಲ್ಲಿ, ಒಂದು ಸೊನ್ನೆಯಿದೆ. ಉಳಿದವುಗಳಿಗಿಂತ ದೊಡ್ಡದು; ಪೆನ್ಸಿಲನ್ನು ಎರಡು ಮೂರು ಸಲ ತಿರುಗಿಸಿ ಒತ್ತಿ ಬರೆದದ್ದು.

ಮರುದಿನ ಆ ದಾರಿಯಲ್ಲಿ ನಡೆದೆ. ಎಲ್ಲಿ ನಿಲ್ಲಬೇಕೆಂದು ತಿಳಿಯಲಿಲ್ಲ. ಅಜ್ಜಿಯ ಪಟದಲ್ಲಿ ಅಳತೆಯಿಲ್ಲವಷ್ಟೆ. ಹೊಲಗಳಿದ್ದುವು, ಒಂದು ಮಾವಿನ ತೋಪಿತ್ತು, ಕೈಪಂಪಿನಲ್ಲಿ ಇಬ್ಬರು ಹುಡುಗಿಯರು ನೀರು ಹೊಡೆಯುತ್ತಿದ್ದರು. ಊರಿಗೆ ಬಂದಮೇಲೆ, ಅಂದು ಅಜ್ಜಿಯ ಜತೆಗೆ ಹೋಗಿದ್ದವರಲ್ಲಿ ಉಳಿದಿದ್ದ ಒಬ್ಬರೇ ಒಬ್ಬ ಅಜ್ಜಿಯನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿದರು. “ಮೂರನೇ ದಿನ ನಿಮ್ಮಜ್ಜಿ ಹಿಂದೆ ಉಳಿದುಬಿಟ್ಟಳು ಕಣಪ್ಪ. ನಾವೆಲ್ಲ ಮುಂದೆ ಹೋಗಿ ಕಾದೆವು. ಬಂದಳು, ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ” ಎಂದರು.

ಪಟ ಈಗ ನನ್ನ ಓದುವ ಮೇಜಿನ ಎದುರಿಗಿದೆ. ಆ ಸೊನ್ನೆಯಿಂದ ಹೊರಟ ಗೆರೆ ಹೊಲಗಳನ್ನು ದಾಟಿ, ಗಂಗೆಯನ್ನು ಬಿಟ್ಟು, ಎಡಗಡೆಗೆ ನೆಟ್ಟಗೆ ಹೋಗಿ ಕಟ್ಟಿನ ಮರಕ್ಕೆ ತಾಗಿ ನಿಂತಿದೆ.